ಎಣಿಕೆಗೆ ಸಿಕ್ಕ ಮಗ

ಮುರೆ ಬಂದರುಪಟ್ಟಣ,
ಏಪ್ರಿಲ್ ಎರಡು

ನನ್ನ ಕಂದಾ ಉಜಿನ್,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಕಾಲುಚೀಲ ಒದ್ದೆಯಾಗಿದ್ದರೆ ಬದಲಿಸಬಾರದೇ? ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಕಾಲೇಜಿನ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚಿ ಹೆಚ್ಚಿ ಬೆರಳು ಮರಗಟ್ಟುತ್ತವೆ, ಅಷ್ಟೇ. ನೀನು ದೋಣಿ ಹತ್ತಿ ಹೋದಂದಿನಿಂದ ದಿನವೂ ನಿನ್ನ ಅನ್ನದ ಬಟ್ಟಲಿಗೆ ಮುಚ್ಚಳ ಹಾಕಿ, ಅಡಿಯಿಂದ ಕಾಯಿಸುವ ಬಿಸಿನೆಲದ ಮೇಲೆ ರಜಾಯಿಯೊಳಗೆ ಹುದುಗಿಸಿಡುತ್ತಿದ್ದೇನೆ. ದೂರ ಹೋದವರು ಬದುಕಿ ಬರಲೆಂದು ಇಡುತ್ತೇವಲ್ಲ, ಹಾಗೆ. ದೋಣಿ ಸಿಕ್ಕಿತು, ನೀನು ಸಿಗಲಿಲ್ಲ. ಸತ್ತನೆಂದು ಕೋರ್ಟಿಗೆ ಬರೆದುಕೊಡು ಎಂದವರ ಜೊತೆಯೆಲ್ಲ ಜಗಳಕ್ಕೆ ನಿಂತೆ.

ಫೆಬ್ರವರಿಯಲ್ಲಿ ನಿನ್ನ ಸೋದರಮಾವ ಸಾಂಗ್‌ಬೆ ಬಂದ. ನಮ್ಮ ಕಾಲೇಜಿನ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಸಾಹೇಬ, ನನ್ನೆದುರು ಮಂಡಿಯೂರಿ ಕೂತ. "ಅಕ್ಕಾ, ಒಂದು ತಲೆ ಕಡಿಮೆ ಬೀಳ್ತಿದೆ. ಸೀಟು ತುಂಬದಿದ್ರೆ ಸಚಿವಾಲಯದವರು ಕಾಲೇಜಿನ ಅಂಕ ಕತ್ತರಿಸ್ತಾರೆ, ಅಂಕ ಹೋದ್ರೆ ಅನುದಾನ ಹೋಯ್ತು, ಮೊದಲು ಮುಚ್ಚೋದು ನನ್ನ ವಿಭಾಗಾನೇ. ಸರ್ಕಾರದ ಪ್ರಕಾರ ಉಜಿನ್ ಇನ್ನೂ ಬದುಕಿದ್ದಾನಲ್ಲ, ವಿದ್ಯಾರ್ಥಿ ಅಂತ ಬರ್ಕೊಳ್ಳೋಕೆ ಅವನ ಹೆಸರೊಂದು ಕೊಡು" ಎಂದ. "ಹೈಸ್ಕೂಲ್ ಹೈಸ್ಕೂಲ್ ಸುತ್ತಿ ಹುಡುಗರಿಗೆ ಬಲೆ ಬೀಸ್ತಿದ್ದೆ, ಈಗ ಸಮುದ್ರಕ್ಕೂ ಬೀಸಿದ್ಯೇನೋ?" ಎಂದು ಬೈದೆ. ಬೈದರೂ ಒಳಗೊಳಗೆ ಖುಷಿಯಾಯಿತು. ಎಷ್ಟು ಕಾಲದ ಮೇಲೆ ಒಬ್ಬರಾದರೂ ನೀನಿದ್ದೀಯ ಎನ್ನುವಂತೆ ಮಾತಾಡಿದ್ದರು! ಕೊಟ್ಟುಬಿಟ್ಟೆ.

ತರಗತಿ ಶುರುವಾಯಿತು. ನಿನ್ನ ತರಗತಿಯ ಬೋರಮ್ ಎಂಬ ಹುಡುಗಿ ಊಟಕ್ಕೆ ಬಂದವಳು, "ಚಿಕ್ಕಮ್ಮಾ, ನಿಮ್ಮ ಉಜಿನಣ್ಣ ಹಾಜರಿ ಎಷ್ಟು ಮೆಲ್ಲಗೆ ಹೇಳ್ತಾನೆ! ಎದ್ದು ಹೋದ್ಮೇಲೆ ಬೆಂಚೆಲ್ಲ ಒದ್ದೆ" ಎಂದಳು. ಮಾವ ಯಾರನ್ನೋ ಬಾಡಿಗೆಗೆ ಕೂರಿಸಿದ್ದಾನೆಂದು ಉಗಿಯಲು ಹೋದರೆ ಅವನ ಮುಖ ಬಿಳಿಚಿಕೊಂಡಿತ್ತು. "ನಾನು ಯಾರನ್ನೂ ಕೂರಿಸಿಲ್ಲಕ್ಕಾ. ಆ ಹೆಸರು ಕೂಗೋವಾಗ ನಾನು ತಲೇನೇ ಎತ್ತಲ್ಲ" ಎಂದ. ಅವತ್ತು ತೊಳೆಯಲು ಬಂದ ತಟ್ಟೆಗಳಲ್ಲಿ ಒಂದರಲ್ಲಿ ಸೋಯಾ ಮೊಳಕೆಯನ್ನೆಲ್ಲ ಅಂಚಿಗೆ ಸಾಲಾಗಿ ಸರಿಸಿಟ್ಟಿತ್ತು, ನೀನು ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೇ. ತಳದಲ್ಲಿ ನೀರಿತ್ತು. ಬೆರಳದ್ದಿ ನೆಕ್ಕಿದೆ, ಬರೀ ಉಪ್ಪು. ಹೆದರಿಕೆಗಿಂತ ಸಿಟ್ಟು ಬಂತು ನನಗೆ. ಅಲ್ಲಿ ಕರೆದರೆ ಹೋಗುತ್ತೀಯ, ಅಮ್ಮ ಬೆಚ್ಚಗಿಟ್ಟ ಅನ್ನವನ್ನು ಮುಟ್ಟುವುದಿಲ್ಲ!

ನಿನ್ನೆ ಸಚಿವಾಲಯದವನೊಬ್ಬ ಬಂದು ತಲೆ ಎಣಿಸಿದ. ಒಂದು ಕಡಿಮೆ ಬರಬೇಕಿತ್ತು, ಸರಿ ಬಂತಂತೆ. ಸಂಜೆ ಮಾವ ಮನೆಗೆ ಬಂದು ನಗುತ್ತಲೇ ಇದ್ದ, ಲೋಟದ ಮೇಲೆ ಲೋಟ ಸೋಜು ಹೆಂಡ ಸುರಿದುಕೊಳ್ಳುತ್ತಿದ್ದ. "ಇನ್ನು ಚಿಂತೆ ಇಲ್ಲಕ್ಕಾ. ಓದು ಮುಗಿದ್ಮೇಲೆ ಎಷ್ಟು ಜನಕ್ಕೆ ಕೆಲಸ ಸಿಕ್ತು ಅಂತಾನೂ ಕೇಳ್ತಾರೆ. ನನ್ನ ಗೆಳೆಯನ ಬಲೆ ಅಂಗಡೀಲಿ ಉಜಿನ್‌ಗೆ ಕೆಲಸ ಹಾಕಿಸಿದ್ರಾಯ್ತು" ಎಂದ. ಅವನನ್ನೂ ಪೂರಾ ಬೈಯಲಾರೆ. ವಿಭಾಗ ಮುಚ್ಚಿದರೆ ಅವನೂ ಆ ಬೋರಮ್ ಹುಡುಗಿಯೂ ಎಲ್ಲಿಗೆ ಹೋಗಬೇಕು? ಆದರೆ ನಿನ್ನ ಗತಿ ನೋಡು: ಒದ್ದೆ ಕಾಲಲ್ಲಿ ಓದು, ಆಮೇಲೆ ಕೆಲಸ. ನಿನ್ನನ್ನು ಮಲಗಲು ಬಿಡುವವರೇ ಇಲ್ಲವೇ?

ಪಕ್ಕದ ಮನೆ ಅಜ್ಜಿ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಈ ಪತ್ರವನ್ನು ಬೋರಮ್ ಮಧ್ಯಾಹ್ನ ನಿನ್ನ ಬೆಂಚಿನ ಮೇಲಿಡುತ್ತಾಳೆ. ಎಲ್ಲಿದ್ದರೂ ಮೈ ಬೆಚ್ಚಗಿರಲಿ, ಮಗನೇ.

ನಿನ್ನ ಅಮ್ಮ,
ಗಿಲ್ರೆ

ಮರೆತಿದ್ದೆ: ಬೆಳಗ್ಗೆ ಕೋರ್ಟಿಗೆ ಹೋಗಿ ನೀನು ಸತ್ತೆಯೆಂದು ಬರೆದುಕೊಟ್ಟು ಬಂದೆ. ಅದನ್ನು ಹೇಳಲು ಕರೆದರೆ ಮಾವ ಫೋನ್ ಎತ್ತುತ್ತಿಲ್ಲ. ಮುಚ್ಚಿದ ಬಟ್ಟಲು ಬದುಕಿರುವವರದ್ದು, ನೀನು ಹೇಗೆ ತಾನೇ ಉಂಡೀಯ? ಇವತ್ತು ಮುಚ್ಚಳ ತೆಗೆದು, ಸತ್ತವರಿಗೆ ಬಡಿಸುವಂತೆ ಅನ್ನದಲ್ಲಿ ಚಮಚ ನೆಟ್ಟಗೆ ನಿಲ್ಲಿಸಿ, ಬಾಗಿಲು ತೆರೆದಿಟ್ಟಿರುತ್ತೇನೆ. ಮೊಳಕೆ ಹಾಕಿಲ್ಲ. ಅಲ್ಲಿ ಇನ್ನು ಯಾರು ಹೆಸರು ಕೂಗಿದರೂ ಓಗೊಡಬೇಡ. ಮನೆಗೆ ಬಾ.