ಹೊಸಹೊಳೆಗೆ ಬರುವ ಚಿಪ್ಪಿನ ಮರಿಗಳು

ಹೊಸಹೊಳೆ ಬಂದರು
ಫೆಬ್ರವರಿ 30, 2188

ನಮಗಿಂತ ಮೊದಲು ಬಾಳಿದವರಿಗೆ ನಮಸ್ಕಾರ.

ಇಂದು ಬೆಳಿಗ್ಗೆ ಪೂರ್ವ ಆಫ್ರಿಕಾದ ಒಂದು ದ್ವೀಪದಲ್ಲಿ ನಮ್ಮ ಚಿಪ್ಪಿನ ಮರಿಗಳ, ಅಂದರೆ ಹೊಳೆಯಲ್ಲಿ ಬಿತ್ತಿ ಬೆಳೆಸುವ ಚಿಪ್ಪುಮೀನಿನ ಮರಿಗಳ, ಪೆಟ್ಟಿಗೆ ಹಡಗು ಏರಿದೆ. ಎರಡು ಸಲ ತಡೆಗೆ ಒಳಗಾಗಿದ್ದ ಪೆಟ್ಟಿಗೆ ಇದು. ಸುದ್ದಿಯನ್ನು ಮೊದಲು ತಿಳಿಸಿದವರು ಅಲ್ಲಿ ಅದನ್ನು ತುಂಬಿದ ಕುಷ್ಟ ಖಾರ್ವಿ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಬಂದರಿನ ಪ್ರಕಟಣೆಯೂ ಅದನ್ನೇ ಹೇಳಿತು.

ದಿನಾಂಕ ನೋಡಿ ಕಾಗದ ಮಡಚಿಡಬೇಡಿ. ತಿಂಗಳುಗಳ ಲೆಕ್ಕವನ್ನು ನಾವು ಸರಿಮಾಡಿಕೊಂಡಿದ್ದೇವೆ. ಈಗ ಫೆಬ್ರವರಿಗೂ ಮೂವತ್ತು ದಿನ. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಎಂಬುದು ಅಂಚೆಯವರ ಕೆಲಸ, ನನಗೆ ತಿಳಿಯದು. ಕೆಲವು ಪದಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತೇನೆ. ನನ್ನ ಹೆಸರು ಸೀತು ದೇವಾಡಿಗ. ಈ ಬಂದರಿನಲ್ಲಿ ಮುಂಚೀಟಿ ಬರೆಯುವುದು ನನ್ನ ಉದ್ಯೋಗ.

ಮುಂಚೀಟಿ ಎಂದರೆ, ಹೊರದೇಶದ ಸರಕು ಅಲ್ಲಿ ಹಡಗು ಏರುವ ಮೊದಲೇ ಇಲ್ಲಿನ ಸುಂಕದವರಿಗೆ ಕೊಡುವ ಭದ್ರತೆಯ ಹೇಳಿಕೆ. ಒಳಗೆ ಏನಿದೆ, ಮಾರಿದವರು ಯಾರು, ಎಲ್ಲಿ ಯಾರು ತುಂಬಿದರು, ಇಲ್ಲಿ ಯಾರು ತೆರೆಯುತ್ತಾರೆ ಎಂಬುದೆಲ್ಲ ಅದರಲ್ಲಿ ಇರಬೇಕು. ನಿಮ್ಮ ಕಾಲದಲ್ಲಿ ಇಂಥ ನಿಯಮಗಳು ದೇಶದಿಂದ ದೇಶಕ್ಕೆ ಹರಡುತ್ತಿದ್ದವು, ಆಮದು ಮಾಡುವವರು ಗೊಣಗುತ್ತಿದ್ದರು ಎಂದು ಹಳೆಯ ಪತ್ರಿಕೆಗಳಲ್ಲಿ ಓದಿದ್ದೇನೆ. ಗೊಣಗಾಟ ಈಗಲೂ ಇದೆ. ನಿಯಮ ಮಾತ್ರ ಒಂದೇ ಆಗಿದೆ, ಯಾವ ಭಾಷೆಯಲ್ಲಿ ಬರೆದರೂ ನಡೆಯುತ್ತದೆ. ನಾನು ಕನ್ನಡದಲ್ಲೇ ಬರೆಯುತ್ತೇನೆ.

ಸಮುದ್ರ ಒಳಗೆ ಬಂದ ಮೇಲೆ ಕುಂದಾಪುರದ ಕಡೆಯ, ಹಡಗು ನಿಲ್ಲುವ ಹಳೆಯ ಕಟ್ಟೆಗಳು ಮುಳುಗಿದವು. ನಮ್ಮ ಬಂದರು ತೇಲುವ ಕಟ್ಟೆಗಳ ಬಂದರು. ಸಮುದ್ರ ಉಬ್ಬುವ ಭರತಕ್ಕೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಅದರ ಜೊತೆಗೇ ನಮ್ಮ ಕಚೇರಿ, ಗಂಜಿ ಊಟದ ಹೋಟೆಲು, ಮಕ್ಕಳ ಬಾಲವಾಡಿ ಎಲ್ಲವೂ ಏರಿಳಿಯುತ್ತವೆ. ಹೊಸದಾಗಿ ಬಂದವರಿಗೆ ಮೊದಲ ವಾರ ಊಟ ಸೇರುವುದಿಲ್ಲ, ಆಮೇಲೆ ಗಟ್ಟಿ ನೆಲದ ಮೇಲೆ ನಿದ್ದೆ ಬರುವುದಿಲ್ಲ. ಬಾಲವಾಡಿ ಇರುವುದು, ನೀವು ಕಂಟೇನರ್ ಎನ್ನುತ್ತಿದ್ದ ಸರಕಿನ ಪೆಟ್ಟಿಗೆಗಳ ಸಾಲಿನ ಪಕ್ಕದಲ್ಲಿ. ನನ್ನ ಅಜ್ಜಿಯ ಕಾಲದಲ್ಲಿ ಅದನ್ನು ಯಾರೂ ಒಪ್ಪುತ್ತಿರಲಿಲ್ಲ. ಆಗ ‘ಯಂತ್ರದ ಬಿಡಿಭಾಗ’ ಎಂದು ಬರೆದಿದ್ದ ಪೆಟ್ಟಿಗೆಯೊಂದರಲ್ಲಿ ಕೆಟ್ಟ ಬ್ಯಾಟರಿಗಳಿದ್ದವು. ಅದಕ್ಕೆ ಬೆಂಕಿ ಹತ್ತಿದಾಗ ಏನು ಉರಿಯುತ್ತಿದೆ ಎಂದು ತಿಳಿಯದೆ ಜನ ಹತ್ತಿರ ಹೋದರು. ಒಂದು ಕಟ್ಟೆ ಪೂರ್ತಿ ಹೋಯಿತು, ಅದರ ಮೇಲಿದ್ದವರೂ ಹೋದರು. ಈಗ ಪ್ರತಿ ಪೆಟ್ಟಿಗೆಯೊಳಗೆ ಏನಿದೆ ಎಂಬುದು ಅದು ಬರುವ ಮೊದಲೇ ನಮಗೆ ಗೊತ್ತು. ಮಕ್ಕಳು ಅದರ ನೆರಳಿನಲ್ಲಿ ಆಡುತ್ತಾರೆ.

ಇನ್ನು ಚಿಪ್ಪಿನ ವಿಷಯ. ನಮ್ಮ ಹೊಳೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸರ ಒಂದು ಸಂಘವಿದೆ. ಅದರ ಮುಖ್ಯಸ್ಥೆ ವಾರಿಜ ಮೊಗವೀರ್ತಿ, ಎಲ್ಲರಿಗೂ ವಾರಿಜಕ್ಕ. ಹೋದ ಬೇಸಿಗೆಯ ಬಿಸಿನೀರಿಗೆ ಹೊಳೆಯ ಚಿಪ್ಪುಗಳೆಲ್ಲ ಸತ್ತವು. ಬಿಸಿನೀರು ತಾಳುವ ತಳಿ ಆ ದ್ವೀಪದಲ್ಲಿದೆ. ಈ ವಿಷು ಹಬ್ಬದೊಳಗೆ ಮರಿ ಬಿತ್ತದಿದ್ದರೆ ಹೊಳೆಯ ತಳದ ಮೇಲೆ ಸಂಘಕ್ಕಿರುವ ಹಕ್ಕು ತಪ್ಪಿ ಮರಳು ತೆಗೆಯುವವರ ಕೈಗೆ ಹೋಗುತ್ತದೆ. ಮರಳು ತೆಗೆದ ತಳದಲ್ಲಿ ಚಿಪ್ಪು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಸಂಘಕ್ಕೆ ಇದ್ದ ದಾರಿ ಈ ಒಂದು ಪೆಟ್ಟಿಗೆ.

ಕುಷ್ಟ ಖಾರ್ವಿಯವರ ಮನೆತನ ಇಲ್ಲಿಂದ ಅಲ್ಲಿಗೆ ಹೋಗಿ ನಾಲ್ಕು ತಲೆಮಾರಾಯಿತು. ಅವರು ಉಪ್ಪುನೀರು ಹರಿಯುವ ತಟ್ಟೆಗಳಲ್ಲಿ ಮರಿಗಳನ್ನು ಜೋಡಿಸಿದರು. ನಾನು ಮುಂಚೀಟಿ ಕಳಿಸಿದೆ. ಆದರೆ ಅಲ್ಲಿನ ನೋಟಗೂಡು, ಅಂದರೆ ಪೆಟ್ಟಿಗೆಯನ್ನು ತೆರೆಯದೆ ಒಳಗೆ ನೋಡುವ ಕಮಾನು, ಬರೆಯದಿದ್ದ ಸಾಮಾನನ್ನು ಕಂಡಿತು. ಹಡಗಿಗೆ ಏರಿಸಬೇಡಿ ಎಂಬ ಆದೇಶ ಸುಂಕದವರಿಂದ ಕೂಡಲೇ ಬಂತು. ವಾರಿಜಕ್ಕ ನನ್ನ ಮೇಜಿನ ಎದುರೇ ಕುಳಿತು ದ್ವೀಪಕ್ಕೆ ಕರೆ ಮಾಡಿಸಿದರು.

“ಹ್ವಾಯ್ ಕುಷ್ಟಣ್ಣ, ಪೆಟ್ಗಿ ಒಳ್ಗೆ ಎಂತ ಹಾಕಿದ್ರಿ?”

“ಎಂತ ಇಲ್ಲ ಮಾರಾಯ್ತಿ. ಚಿಪ್ಪಿನ ಮರಿ. ಮತ್ತೆ ಮೂಲೆಗೆ ಚೂರ್ ಲವಂಗ.”

“ಚೂರ್ ಅಂದ್ರೆ?”

“ಎರಡ್ ಚೀಲ.”

“ಅಷ್ಟೇಯಾ?”

“ನಿನ್ನ ಮೊಮ್ಮಗಳಿಗೆ ಒಂದ್ ಫ್ರಾಕ್. ಊರಿಗೆ ಬಪ್ಪು ಪೆಟ್ಗಿ, ಮೂಲೆ ಖಾಲಿ ಬಿಟ್ರೆ ಜನ ಎಂತ ಹೇಳ್ತ್ರ್?”

ಇದು ನಮ್ಮ ಕರಾವಳಿಯವರು ಮಾತ್ರ ಮಾಡುವ ತಪ್ಪು. ಊರಿಗೆ ಹೋಗುವ ಪೆಟ್ಟಿಗೆಯಲ್ಲಿ ಖಾಲಿ ಜಾಗ ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ಬೇರೆ ಬಂದರುಗಳಲ್ಲಿ ತಡೆಯಾಗುವುದು ಸುಳ್ಳು ಬರೆದದ್ದಕ್ಕೆ. ನಮ್ಮಲ್ಲಿ ಹೆಚ್ಚಿನ ತಡೆ ಇಂಥ ಉಡುಗೊರೆಗಳಿಗೆ. ತುಂಬುವವರನ್ನು ಕೇಳದೆ, ಕೊಂಡ ಸರಕನ್ನಷ್ಟೇ ಬರೆದು ಕಳಿಸಿದ ಮುಂಚೀಟಿ ಇಲ್ಲಿ ಸಾಲದು.

ಹೊಸ ಮುಂಚೀಟಿಗೆ ವಿವರ ಕೊಡಿ ಎಂದು ಕುಷ್ಟಣ್ಣನಿಗೆ ಹೇಳಿದೆ. ಅವರಿಗೆ ಸಂಕೋಚ. ಉಡುಗೊರೆಯನ್ನು ತೂಕ ಹಾಕಿ ಬರೆಸುವುದು ಮರ್ಯಾದೆಯಲ್ಲ ಎಂದು, ಅಲ್ಲಿನ ಬಂದರಿನಲ್ಲಿ ‘ಪ್ರೀತಿಯ ಸಾಮಾನು’ ಎಂದು ತಾವೇ ಬರೆಸಿಬಿಟ್ಟರು. ಇಂಥ ಹೆಸರಿನ ಸರಕು ಯಾವುದೂ ಇಲ್ಲ ಎಂದು ಉತ್ತರ ಬಂತು. ಎರಡನೇ ತಡೆ.

“ಪ್ರೀತಿ ಎಷ್ಟ್ ಕೆ.ಜಿ. ಅಂತ ಕೇಂತ್ರ್ ಕಾಣಿ,” ಎಂದರು ವಾರಿಜಕ್ಕ. ಕಚೇರಿಯಲ್ಲಿ ಎಲ್ಲರೂ ನಕ್ಕರು. ಅವರು ನಗಲಿಲ್ಲ. “ಕುಷ್ಟಣ್ಣ, ಈ ಹಡ್ಗ್ ತಪ್ಪಿರೆ ಹೊಳೆ ನಮ್ಮದಲ್ಲ. ನಿಮ್ಮ ಹಿರಿಯರ್ ಬಲೆ ಬೀಸದ್ದೂ ಇದೇ ಹೊಳೆಯಗೆ ಅಲ್ದಾ?”

ಕುಷ್ಟಣ್ಣ ಲವಂಗದ ಮಾತಿಗೆ ಬಂದರು.

“ಲವಂಗ ತೆಗೂದಾ? ಅಬ್ಬಿ ಒಣಗ್ಸದ್ದ್ ಮಾರಾಯ್ತಿ.”

“ಅಬ್ಬಿಯ ಲವಂಗ ಮುಂದಿನ ಹಡ್ಗಿಗೆ ಬರ್ಲಿ. ಅದಕ್ಕೇ ಬೇರೆ ಚೀಟಿ ಬರ್ಸುವ. ಸೀತು ಇದ್ದಾಳಲೆ.”

ಅವರ ತಾಯಿ ಒಣಗಿಸಿದ್ದೇ ಆದರೂ ಲವಂಗಕ್ಕೆ ಕೀಟ ಇಲ್ಲವೆಂಬ ಪತ್ರ ಬೇಕು, ಅದು ಸಿಗುವ ಹೊತ್ತಿಗೆ ಮರಿಗಳು ಉಳಿಯುವುದಿಲ್ಲ. ಹಾಗಾಗಿ ಚೀಲಗಳು ಹೊರಗೆ ಬಂದವು. ಫ್ರಾಕು ಉಳಿಯಿತು. ನಾನು ಬರೆದದ್ದು ಇಷ್ಟು: ಹತ್ತಿಯ ಫ್ರಾಕು ಒಂದು, ಮೂರು ವರ್ಷದ ಮಗುವಿನ ಅಳತೆ, ಹೊಲಿದವರು ಕುಷ್ಟ ಖಾರ್ವಿಯವರ ಹೆಂಡತಿ, ಉಡುಗೊರೆ. ಮರಿಗಳ ತಳಿ, ತೂಕ, ಸಾಕಿದ ಕೆರೆ, ತುಂಬಿದ ಶೆಡ್ಡು ಎಲ್ಲವನ್ನೂ ಮತ್ತೊಮ್ಮೆ ತುಂಬಿದವರ ಬಾಯಿಂದಲೇ ಕೇಳಿ ಬರೆದೆ. ತೆರೆಯುವವರ ಜಾಗದಲ್ಲಿ ಸಾಮಾನ್ಯವಾಗಿ ಹಾಕುವ ದಲ್ಲಾಳಿಯ ಹೆಸರನ್ನು ಬಿಟ್ಟು ವಾರಿಜಕ್ಕನ ಪೂರ್ತಿ ಹೆಸರು ಹಾಕಿದೆ. ಯಾರೂ ಏನೂ ಕೇಳಲಿಲ್ಲ. ಅನುಮತಿ ಬಂತು.

ನಿಮ್ಮಲ್ಲಿ ನನ್ನ ಕೋರಿಕೆ ಇದೇ. ಈ ನಿಯಮಗಳು ನಿಮ್ಮ ಬಾಗಿಲಿಗೆ ಬಂದಾಗ ಕೊನೆಯ ದಿನದವರೆಗೆ ಕಾಯಬೇಡಿ. ಸರಕು ಕೊಳ್ಳುವ ದಿನವೇ ಮಾರುವವರಿಂದ ವಿವರ ಕೇಳಿ. ದಲ್ಲಾಳಿಯ ಜೊತೆ ಮಾತಾಡಿದರೆ ಸಾಲದು, ಪೆಟ್ಟಿಗೆ ತುಂಬುವವರ ಜೊತೆ ಮಾತಾಡಿ. ‘ಬಿಡಿಭಾಗ’, ‘ಇತರೆ’, ‘ಮನೆ ಸಾಮಾನು’ ಎಂದು ಬರೆಯಬೇಡಿ. ಪೆಟ್ಟಿಗೆ ಕಾಣದವರಿಗೂ ಅರ್ಥವಾಗುವ ಹೆಸರು ಬರೆಯಿರಿ. ಕಷ್ಟವಾಗುತ್ತದೆ, ಆದರೆ ಆಗದ ಕೆಲಸವಲ್ಲ. ನಾವು ದಿನವೂ ಮಾಡುತ್ತಿದ್ದೇವೆ.

ತಡೆಯ ದಿನಗಳಲ್ಲಿ ಕುಷ್ಟಣ್ಣ ನೀರು ಬದಲಿಸುತ್ತಾ ಪೆಟ್ಟಿಗೆಯ ಪಕ್ಕದಲ್ಲೇ ಇದ್ದರು. ಸತ್ತ ಚಿಪ್ಪು ಬಾಯಿ ತೆರೆದುಕೊಳ್ಳುತ್ತದೆ. ಇಂದು ಏರಿಸುವ ಮೊದಲು ನೋಡಿದಾಗ ಹೆಚ್ಚಿನವು ಬಾಯಿ ಮುಚ್ಚಿಕೊಂಡೇ ಇದ್ದವು ಎಂದು ಅವರು ತಿಳಿಸಿದ್ದಾರೆ. ಸಂಘದ ಹಕ್ಕು ಉಳಿಸುವ ಬಿತ್ತನೆ ಎಂದು ಲೆಕ್ಕಕ್ಕೆ ಬರಲು ಮೂರರಲ್ಲಿ ಎರಡು ಪಾಲು ಮರಿಗಳು ಜೀವಂತ ಇರಬೇಕು. ಇರುತ್ತವೆ ಎಂದು ನನ್ನ ಅಂದಾಜು. ವಾರಿಜಕ್ಕ ಅಂದಾಜು ಹೇಳುವುದಿಲ್ಲ. ಅವರು ಈಗಾಗಲೇ ಹೊಳೆಯಲ್ಲಿ ಬಿದಿರಿನ ಗಳು ನೆಟ್ಟು ಬಿತ್ತುವ ಜಾಗ ಗುರುತಿಸುತ್ತಿದ್ದಾರೆ.

ಹಡಗು ಮಾರ್ಚ್ 12ರಂದು, ಹೊಳೆ ಸಮುದ್ರ ಸೇರುವ ಅಳಿವೆಯ ಹೊರಗೆ ಲಂಗರು ಹಾಕುತ್ತದೆ. ಮರುದಿನ ಬೆಳಗಿನ ಭರತಕ್ಕೆ ಪೆಟ್ಟಿಗೆ ಮೂರನೇ ಕಟ್ಟೆಗೆ ಬರುತ್ತದೆ. ಸುಂಕದವರ ಎದುರು ವಾರಿಜಕ್ಕ ಅದನ್ನು ತೆರೆಯುತ್ತಾರೆ. ಅನಂತರ ಜೀವಂತ ಮರಿಗಳ ಎಣಿಕೆ ನಡೆಯುತ್ತದೆ.