ಸ್ಟೊಯಾಂಕಾ ಹಂಚಿದ ಚಾಕೊಲೇಟು

ಪ್ಲೋವ್ದಿವ್, ನವೆಂಬರ್ ೧೪, ಮಂಗಳವಾರ

ಸ್ಟೊಯಾಂಕಾ ಇವತ್ತು ವಾರ್ಡಿಗೆಲ್ಲ ಚಾಕೊಲೇಟು ಹಂಚಿದಳು. ಸಂತೋಷದ ಸುದ್ದಿ ಇದ್ದವರು ಹಂಚಲೇಬೇಕು, ಉಳಿದವರು ತಿನ್ನಲೇಬೇಕು. ಮೂರೇ ತಿಂಗಳಲ್ಲಿ ಅವಳ ಗಡ್ಡೆ ಅರ್ಧ ಕರಗಿದೆಯಂತೆ.

ನನಗೂ ಅವಳಿಗೂ ದೊಡ್ಡ ಕರುಳಿನ ಕ್ಯಾನ್ಸರೇ, ಒಂದೇ ವಾರ ಗೊತ್ತಾದದ್ದು. ಆದರೆ ಅವಳ ಗಡ್ಡೆಯ ಜೀವಕೋಶಗಳಿಗೆ ಡಿಎನ್‌ಎ ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದಲು ಬರುವುದಿಲ್ಲ. ತಪ್ಪುಗಳು ರಾಶಿ ಬಿದ್ದಿರುವುದರಿಂದ, ಹೊಸ ಔಷಧಿ ಕೊಟ್ಟರೆ ಮೈಯ ಕಾವಲು ಪಡೆಯೇ ಆ ಜೀವಕೋಶಗಳನ್ನು ಗುರುತು ಹಿಡಿದು ಕೊಲ್ಲುತ್ತದೆ. ನನ್ನ ಗಡ್ಡೆ ಬಲು ಅಚ್ಚುಕಟ್ಟು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಹಾಗಾಗಿ ನನಗೆ ಹಳೆಯ ಕೀಮೋ. ಮೂವತ್ತು ವರ್ಷ ಮಕ್ಕಳ ಉಕ್ತಲೇಖನ ತಿದ್ದಿದವಳಿಗೆ ತಕ್ಕ ಗಡ್ಡೆ!

ಕೀಮೋದಿಂದ ಬೆರಳು ಜೋಮು ಹಿಡಿದು ಚಾಕೊಲೇಟಿನ ಕಾಗದ ಬಿಚ್ಚಲಾಗಲಿಲ್ಲ. ಅವಳೇ ಬಿಚ್ಚಿಕೊಟ್ಟು, "ತಿನ್ನೇ, ವಿಷ ಹಾಕಿಲ್ಲ," ಎಂದು ನಕ್ಕಳು. ಆ ನಗುವನ್ನು ಅವಳ ಮುಖದಿಂದ ಒರೆಸಿಹಾಕುವಷ್ಟು ಸಿಟ್ಟು ಬಂತು. ತಿಂದೆ.

ಸಂಜೆ ಮಗಳು ಕಾಲಿನಾ ನನ್ನನ್ನು ಮನೆಗೆ ಕರೆದೊಯ್ಯಲು ಬಂದಾಗ ಸ್ಟೊಯಾಂಕಾ ಅವಳನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು: "ನನ್ನಂಥದ್ದು ವಂಶದಲ್ಲೇ ಬರೋದೂ ಉಂಟಂತೆ. ನಾಳೆ ನನ್ನ ಮಗಳ ರಕ್ತ ಪರೀಕ್ಷೆ. ನಿಂಗೆ ಆ ಭಯ ಇಲ್ವಲ್ಲೇ. ನಿನ್ನ ಕಂಡ್ರೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ?"

ನನ್ನನ್ನು ಕಂಡು!

ಕಾಲಿನಾ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಸ್ಟೊಯಾಂಕಾಳ ಗಡ್ಡೆಗೆ ನಿನ್ನದನ್ನು ಅದಲುಬದಲು ಮಾಡಿಕೊಳ್ಳುತ್ತೀಯಾ ಎಂದು ಯಾರಾದರೂ ಈಗ ಕೇಳಿದರೆ, ತಾಯಿಯಾದವಳು ತಕ್ಷಣ ಇಲ್ಲ ಎನ್ನಬೇಕು. ನಾನು ಇನ್ನೂ ಯೋಚಿಸುತ್ತ ಕೂತಿದ್ದೇನೆ.