ಸೊಲ್ವಾರ್ ದೇವರ ಗುಡಿಯಲ್ಲಿರುವ ಹಾಲ್ದೆನ್‌ಗೆ

ಪ್ರೀತಿಯ ಹಾಲ್ದೆನ್,

ಮಗಳು ಮಿರೆಲ್ ಚೆನ್ನಾಗಿದ್ದಾಳೆ. ಜ್ಞಾನದ ದೇವರು ಸೊಲ್ವಾರ್ ಅವಳ ಕಾಯಿಲೆಗೆ ಮದ್ದು ಹೇಳಿಕೊಟ್ಟು, ಬದಲಿಗೆ ನಿನ್ನನ್ನು ತನ್ನ ಗುಡಿಯಲ್ಲೇ ಸೇವೆಗೆ ಇಟ್ಟುಕೊಂಡನಲ್ಲ, ಅದು ವ್ಯರ್ಥವಾಗಲಿಲ್ಲ. ಈಗ ದೋಣಿ ನಡೆಸುವವಳು ಅವಳೇ. ನನಗೆ ಹುಟ್ಟು ಮುಟ್ಟಲೂ ಬಿಡುವುದಿಲ್ಲ.

ನಿನ್ನೆ ಗುಡಿಯ ಬಾಗಿಲು ಕಾಯುವ ಕುಬ್ಜ ಬ್ರೂಗ್ ಮನೆಗೆ ಬಂದಿದ್ದ. ಮೀನಿನ ಸಾರು ಕುಡಿದು, ಗಡ್ಡ ಒರೆಸಿಕೊಂಡ ಮೇಲೆ ಬಾಯಿಬಿಟ್ಟ.

"ದೇವರು ಅವನನ್ನ ಬಿಡ್ತಾನಂತೆ ಕಣಮ್ಮ. ಆದ್ರೆ ಅವನಿಗೆ ಗೊತ್ತಿರೋದನ್ನೆಲ್ಲ ಗುಡಿಯಲ್ಲೇ ಬಿಟ್ಟು ಹೋಗ್ಬೇಕು. ನೀನು ಯಾರು ಅಂತಾನೂ ಗೊತ್ತಿರಲ್ಲ. ಅದಕ್ಕೇ ಅವನು ಬರಲ್ಲ ಅಂತಿದಾನೆ."

ನಾನು ಒಲೆ ಊದುತ್ತಾ ಕೂತೆ. ಮಿರೆಲ್ ನಕ್ಕಳು.

"ಅಷ್ಟೇನಾ? ನಾನು ಹುಟ್ಟಿದಾಗ ಅಪ್ಪಂಗೆ ನನ್ನ ಗುರುತಿತ್ತಾ? ಆಮೇಲೆ ಆಗ್ಲಿಲ್ವಾ?"

ಅವಳ ಮಾತು ಸರಿ ಅನ್ನಿಸಿತು. ಒಪ್ಪಿಕೊಂಡು ಬಂದುಬಿಡು. ನೀನು ಅಲ್ಲಿ ಕೂತು ನನ್ನನ್ನು ನೆನೆದರೆ ಇಲ್ಲಿ ಹಾಸಿಗೆಯ ಆ ಬದಿ ಬೆಚ್ಚಗಾಗುವುದಿಲ್ಲ.

ಈ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊ. ನಿನಗೆ ಓದುವುದೂ ಮರೆತಿರುತ್ತದೆ, ದಾರಿಯಲ್ಲಿ ಬ್ರೂಗ್ ಓದಿ ಹೇಳುತ್ತಾನೆ. ಕೆರ್ನಾ ರೇವಿನಲ್ಲಿ ಇಳಿ. ಹಳದಿ ಶಾಲು ಹೊದ್ದ ಹೆಂಗಸೊಬ್ಬಳು ಬಂದು ನಿನ್ನ ಕೈ ಹಿಡಿಯುತ್ತಾಳೆ. ಬಿಡಿಸಿಕೊಳ್ಳಬೇಡ. ಅವಳು ಅತ್ತರೆ ಹೆದರಬೇಡ, ನಿನ್ನಿಂದ ತಪ್ಪೇನೂ ಆಗಿಲ್ಲ. ಮನೆ ಹತ್ತಿರದಲ್ಲೇ ಇದೆ, ಅವಳು ಕರೆದುಕೊಂಡು ಹೋಗುತ್ತಾಳೆ.

ನಿನ್ನ ಹೆಂಡತಿ,
ಹೆಸರು ಇರ್ಸಾ